ಜಂತ್ರಡಿ

ಆ ವರ್ಷ ಕುಮಟೆಯ ಕಚೇರಿಯಲ್ಲಿ ನನ್ನ ಮೇಜಿಗೆ ಬಂದ ಕಡತದಲ್ಲಿ
ಕೆಂಪು ಶಾಯಿಯ ಒಂದೇ ಸಾಲು:
ಬಾಗಿಲು ಸೋರುತ್ತಿದೆ.

ಹೋಗಿ ನೋಡಿದೆ. ಸೋರುತ್ತಿತ್ತು.
ಆಚೆ ಅಘನಾಶಿನಿ, ಈಚೆ ಗಜನಿ,
ನಡುವೆ ಕಪ್ಪುಗಟ್ಟಿದ ಹಲಗೆಗಳ ಜಂತ್ರಡಿ.
ಹಲಗೆ ಹಲಗೆಯ ಸಂದಿಯಲ್ಲಿ ಬೆರಳು ತೂರುವಷ್ಟು ಜಾಗ,
ಅಲ್ಲಿಂದ ಉಪ್ಪುನೀರು ಒಳಗೆ ಬರುತ್ತಿತ್ತು,
ಕಳ್ಳರ ಹಾಗಲ್ಲ,
ಪೇಟೆಗೆ ಹೋದವರು ಮನೆಗೆ ಬಂದ ಹಾಗೆ.

ಟೇಪು ಹಿಡಿದೆ, ಅಳೆದೆ, ಬರೆದುಕೊಂಡೆ.
ಹಲಗೆ ಎತ್ತಿ ಇಳಿಸುವ ಬೀರಮ್ಮ ಅಂಬಿಗ
ಬಳಚಿನ ಬುಟ್ಟಿ ಸೊಂಟಕ್ಕಿಟ್ಟು ನಿಂತಿದ್ದಳು.
"ಎಂತ ಬರೀತ್ರಿ ಒಡ್ಯಾ?"
"ಸೋರಿಕೆ."
ಅವಳು ನೀರನ್ನೇ ನೋಡಿದಳು ಸ್ವಲ್ಪ ಹೊತ್ತು.
"ಹೌದಾ" ಅಂದಳು. ಅಷ್ಟೇ.

ಕಬ್ಬಿಣದ ಬಾಗಿಲು ಬಂತು, ಹಸಿರು ಬಣ್ಣದ್ದು,
ಅಂಚಿಗೆ ರಬ್ಬರಿನ ಪಟ್ಟಿ, ಮೇಲೆ ತಿರುಗಿಸುವ ಚಕ್ರ,
ಚಕ್ರಕ್ಕೊಂದು ಬೀಗ, ಬೀಗದ ಕೈ ಕಚೇರಿಯ ಮೊಳೆಗೆ.
ಲಾರಿ ಬರಲೆಂದು ದಂಡೆಯ ಕಾಂಡ್ಲಾ ಕಡಿಸಿದ್ದೆ, ಹದಿನೇಳು ಗಿಡ,
ಕೊಂಬೆಯಲ್ಲೇ ಮೊಳೆತು ಜೋತುಬಿದ್ದಿದ್ದ ಮರಿಗಳ ಸಮೇತ.
ಸಂದಿಗೆ ನನ್ನ ಕರವಸ್ತ್ರ ಒತ್ತಿ ತೆಗೆದೆ.
ಒಣಗಿತ್ತು.
ಫೋಟೋ ತೆಗೆಸಿಕೊಂಡೆ.

ಮೊದಲ ವರ್ಷ ಏನೂ ಆಗಲಿಲ್ಲ. ನನಗೆ ಬಡ್ತಿ ಸಿಗುವುದರಲ್ಲಿತ್ತು.

ಎರಡನೆಯ ವರ್ಷ ಕಗ್ಗದ ಕುಯ್ಲು ಮುಗಿದ ಮೇಲೆ
ಕೂಳೆ ಕೊಳೆಯದೆ ನಿಂತಿತು,
ತೇಯ್ದ ಪೊರಕೆಯ ಹಾಗೆ, ಬೂದು ಬಣ್ಣಕ್ಕೆ ತಿರುಗಿ.
ಮೂಲೆಯಿಂದ ಆಪು ಎದ್ದಿತು. ಕಿತ್ತರೆ ಮತ್ತೆ ಎದ್ದಿತು.
ಕಾಂಡ್ಲಾ ಇಲ್ಲದ ಕಡೆ ಅಲೆ ಕಟ್ಟೆಯನ್ನು
ಇಲಿ ರೊಟ್ಟಿ ಕಡಿದ ಹಾಗೆ ಕಡಿಯಿತು.
ಒಂದು ಬೆಳ್ಳಕ್ಕಿ ಬಂದು, ತಪ್ಪು ಕಚೇರಿಯ ಸಾಲಿನಲ್ಲಿ ನಿಂತವನಂತೆ
ಅರ್ಧ ದಿನ ಅತ್ತಿತ್ತ ಕತ್ತು ಹೊರಳಿಸಿ
ಹೊರಟುಹೋಯಿತು.

ನಾನು ಮಣ್ಣಿನ ಮಾದರಿ ಕಳಿಸಿದೆ. ವರದಿ ಬಂತು, ನಾಲ್ಕು ಪುಟ.
ಅದನ್ನು ಹಿಡಿದು ಬೀರಮ್ಮನ ಅಂಗಳಕ್ಕೆ ಹೋದೆ.
ಬಳಚು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕೂಳೆ ಕೊಳೀಬೇಕು ಒಡ್ಯಾ. ಉಪ್ಪು ಬಂದ್ರೆ ಕೊಳೀತದೆ.
ಕೊಳತದ್ದು ಶೆಟ್ಲಿಗೆ ಅನ್ನ.
ಶೆಟ್ಲಿ ಇದ್ದಲ್ಲಿ ನೋಗ್ಲಿ, ನೋಗ್ಲಿ ಇದ್ದಲ್ಲಿ ಹಕ್ಕಿ,
ಹಕ್ಕಿ ಹೇತದ್ದು ಕಗ್ಗಕ್ಕೆ.
ನಾವು ಗೊಬ್ಬರದ ಚೀಲ ಹೊತ್ತದ್ದು ಯಾವತ್ತಾರೂ ಕಂಡೀರ್ಯಾ?
ಮಳೆ ಬಂದು ಉಪ್ಪು ತೊಳೀತದೆ, ಇಳಿತದ ಹೊತ್ತಿಗೆ ಬಾಗಿಲು ತೆಗೀಬೇಕು.
ಇಳಿತ ನಿಮ್ಮ ಹತ್ತೂವರೆಗೆ ಬತ್ತದ್ಯಾ?"

ಒಂದು ಚಿಪ್ಪು ಕಟಕ್ಕೆಂದು ತೆರೆಯಿತು.

"ಆ ಬಾಗಿಲು ಕೆಟ್ಟಿರಲಿಲ್ಲ. ಸೋರೋದೇ ಅದರ ಕೆಲಸ."

ಮೂವತ್ತು ವರ್ಷ ನೀರು ನಿಲ್ಲಿಸುವುದನ್ನು ಓದಿದ್ದೆ, ಮಾಡಿದ್ದೆ.
ನೀರಿಗೂ ಒಂದು ಉದ್ಯೋಗ ಇರಬಹುದು,
ಅದು ಹೊತ್ತಿಗೆ ಬಂದು ಹೊತ್ತಿಗೆ ಹೋಗುತ್ತಿರಬಹುದು
ಎಂದು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ.

ದಶಮಿಯ ರಾತ್ರಿ ನಾವಿಬ್ಬರೂ ಹೋದೆವು.
ಕಂದೀಲು ಅವಳದು, ಪಾನಾ ನನ್ನದು.
ರಬ್ಬರಿನ ಪಟ್ಟಿ ಸುಲಿಯುವಾಗ ಹಾವಿನ ಪೊರೆಯಂತೆ ಬಂತು.
ಸಂದಿಗೆ ಅವಳು ನನ್ನ ಕೈ ಹಿಡಿದು ಇಡಿಸಿದಳು.
ಮೊದಲು ತಣ್ಣಗೆ. ಆಮೇಲೆ, ಇನ್ನೂ ಕೆಳಗೆ,
ಬೆಚ್ಚಗಿನ, ಭಾರವಾದ ಇನ್ನೊಂದು ನೀರು.
ಒಂದೇ ಬಿರುಕಿನಲ್ಲಿ ಎರಡು ದಾರಿ.
ಅಂಗೈಗೆ ಏನೋ ಬಡಿದು ಜಾರಿತು, ಎಳೆ ಶೆಟ್ಲಿ ಇರಬೇಕು,
ಅಕ್ಕಿಕಾಳಿಗಿಂತ ದೊಡ್ಡದಲ್ಲ.

ಬೆಳಿಗ್ಗೆ ಕಡತದಲ್ಲಿ ಬರೆದೆ:
ಬಾಗಿಲು ಸರಿಯಾಗಿ ಸೋರುತ್ತಿದೆ.

ಹದಿನೈದು ದಿನಕ್ಕೆ ಮೇಲಿನಿಂದ ವಾಪಸು ಬಂತು,
ಅಂಚಿನಲ್ಲಿ ಹಸಿರು ಶಾಯಿ: ಎಷ್ಟು? ಪ್ರಮಾಣ ನಮೂದಿಸಿ.

ಬೀರಮ್ಮನನ್ನು ಕೇಳಿದೆ.
ಕೊಡೆಯ ಅಂಚಿನಿಂದ ಆಕಾಶ ನೋಡಿ ಅವಳು,
"ಇವತ್ತು ಯಾವ ತಿಥಿ?" ಅಂದಳು.